ಯಂತ್ರದ ಮುಂದಿನ ಸರದಿ

ಉತ್ಪಾದನಾ ಯೋಜನೆಯ ಸಾಫ್ಟ್‌ವೇರ್ ಉತ್ತರಿಸಬೇಕಾದ ಪ್ರಶ್ನೆ ಕೇಳಲು ಚಿಕ್ಕದು: ಯಾವ ಕೆಲಸ, ಯಾವ ಯಂತ್ರದ ಮೇಲೆ, ಎಷ್ಟು ಹೊತ್ತಿಗೆ? ಪುಣೆಯ ಪೂರ್ವದಂಚಿನ ಹಡಪಸರದಲ್ಲಿ ಬೆಳಗಿನ ಪಾಳಿಯ ಸೈರನ್ ಕೂಗುವ ಮುಂಚೆ ಈ ಪ್ರಶ್ನೆಗೆ ಉತ್ತರ ಸಿದ್ಧವಿರಬೇಕು. ಇಲ್ಲದಿದ್ದರೆ ಲೇತ್ ಮುಂದೆ ನಿಂತವನು ತನಗೆ ಸಲೀಸಾದ ಜಾಬ್ ಎತ್ತಿಕೊಳ್ಳುತ್ತಾನೆ. ಗಿರಾಕಿ ಫೋನಿನ ಮೇಲೆ ಫೋನ್ ಮಾಡುತ್ತಿರುವ ಜಾಬ್ ಮೂಲೆಯ ಟ್ರಾಲಿಯಲ್ಲಿ ಎಣ್ಣೆ ಹಚ್ಚಿಕೊಂಡು ಕೂತಿರುತ್ತದೆ.

ಕಾರ್ಖಾನೆಯವರು ಒಂದೇ ಉಸಿರಿನಲ್ಲಿ ಹೇಳುವ ಪ್ಲ್ಯಾನಿಂಗ್ ಮತ್ತು ಶೆಡ್ಯೂಲಿಂಗ್ ಎರಡು ಬೇರೆ ಕೆಲಸಗಳು. ಮದುವೆ ಅಡುಗೆಯಲ್ಲಿ ಎಷ್ಟು ಎಲೆ ಬೀಳುತ್ತವೆ, ಅದಕ್ಕೆ ಎಷ್ಟು ಅಕ್ಕಿ, ಬೇಳೆ ಎಂದು ವಾರ ಮೊದಲೇ ಲೆಕ್ಕ ಹಾಕುವುದು ಪ್ಲ್ಯಾನಿಂಗ್. ಮೂರೇ ಒಲೆ ಇರುವಾಗ ಮುಹೂರ್ತದ ದಿನ ಯಾವ ಕೊಪ್ಪರಿಗೆ ಮೊದಲು ಏರಬೇಕು, ಯಾವುದು ಯಾವಾಗ ಇಳಿಯಬೇಕು ಎನ್ನುವುದು ಶೆಡ್ಯೂಲಿಂಗ್. ಅಕ್ಕಿ ಕಡಿಮೆ ಬಿದ್ದರೂ ಊಟ ಕೆಡುತ್ತದೆ, ಒಲೆಯ ಸರದಿ ತಪ್ಪಿದರೂ ಕೆಡುತ್ತದೆ. ಆದರೆ ಎರಡರ ಗಣಿತ ಒಂದೇ ಅಲ್ಲ, ಎರಡಕ್ಕೂ ಸಾಫ್ಟ್‌ವೇರ್ ಬಂದ ಕಾಲವೂ ಒಂದೇ ಅಲ್ಲ.

ಕಲಬುರಗಿ, ವಿಜಯಪುರಗಳಿಂದ ಸೋಲಾಪುರ ರಸ್ತೆ ಹಿಡಿದು ಬರುವ ಬಸ್ಸಿಗೆ ಪುಣೆ ಶಹರ ಎದುರಾಗುವುದೇ ಹಡಪಸರದಲ್ಲಿ. ಕಿರ್ಲೋಸ್ಕರ್ ನ್ಯೂಮ್ಯಾಟಿಕ್ ಕಂಪನಿ 1958ರಲ್ಲಿ ಸ್ಥಾಪನೆಯಾಯಿತು. ಗಾಳಿಯನ್ನೂ ಅನಿಲಗಳನ್ನೂ ಒತ್ತುವ ಕಂಪ್ರೆಸರ್‌ಗಳನ್ನು ಅದು ಇಲ್ಲಿನ ಕೈಗಾರಿಕಾ ವಸಾಹತಿನಲ್ಲೂ, ದಿವೆ ಘಾಟ್ ಆಚೆಗಿನ ಸಾಸವಡದಲ್ಲೂ ತಯಾರಿಸುತ್ತದೆ. 1966ರಲ್ಲಿ ಶುರುವಾದ ಸೀರಂ ಇನ್‌ಸ್ಟಿಟ್ಯೂಟಿನ ಲಸಿಕೆ ಕಾರ್ಖಾನೆ ಹಡಪಸರದ್ದು. ಪಕ್ಕದ ಮುಂಢವಾದಲ್ಲಿ ಕೆಂಪಗೆ ಕಾದ ಉಕ್ಕನ್ನು ಬಡಿದು ಕ್ರ್ಯಾಂಕ್‌ಶಾಫ್ಟ್ ಮಾಡುವ ಭಾರತ್ ಫೋರ್ಜ್ ಇದೆ. ರಾಮಟೇಕಡಿಯ ಶೆಡ್ಡುಗಳಲ್ಲಿ ನಾಲ್ಕೈದು ಯಂತ್ರಗಳ ಜಾಬ್ ವರ್ಕ್ ಅಂಗಡಿಗಳಿವೆ. ಇದೇ ಹಡಪಸರದ ಮಗರಪಟ್ಟಾದಲ್ಲಿ ರೈತ ಕುಟುಂಬಗಳು ತಮ್ಮ ಹೊಲಗಳನ್ನು ಒಟ್ಟುಗೂಡಿಸಿ ಕಟ್ಟಿದ ಐಟಿ ನಗರವಿದೆ. ಸಾಫ್ಟ್‌ವೇರ್ ಬರೆಯುವವರೂ ಅದು ಬೇಕಾದವರೂ ಒಂದೇ ಸಿಗ್ನಲ್ಲಿನಲ್ಲಿ ಕಾಯುತ್ತಾರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯುತ್ತದೆಂದು ಅದರಿಂದ ಹೇಳಲಾಗದು.

ಕಿರ್ಲೋಸ್ಕರ್ ಹೆಸರಿಗೆ ಕನ್ನಡನಾಡಿನ ನಂಟಿದೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳಿಗೆ ಕೈ ಹಚ್ಚಿ, 1910ರಲ್ಲಿ ಔಂಧ್ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ನೇಗಿಲಿಗೆ ಬೇಕಾಗುವುದು ಬೆರಳೆಣಿಕೆಯ ಭಾಗಗಳು, ಅದರ ಯೋಜನೆ ಯಜಮಾನನ ತಲೆಯಲ್ಲೇ ಇರಬಹುದು. ಕಂಪ್ರೆಸರ್ ಹಾಗಲ್ಲ. ಕ್ರ್ಯಾಂಕ್‌ಶಾಫ್ಟ್, ಸಿಲಿಂಡರ್, ಪಿಸ್ಟನ್, ವಾಲ್ವ್, ಬೇರಿಂಗ್, ಸೀಲ್ ಎಂದು ಪಟ್ಟಿ ಉದ್ದವಾಗುತ್ತದೆ. ಅವುಗಳಲ್ಲಿ ಕೆಲವು ಒಳಗೇ ಆಗುತ್ತವೆ, ಕೆಲವು ಹೊರಗಿನ ಫೌಂಡ್ರಿಯಿಂದ ಬರುತ್ತವೆ. ಇಷ್ಟು ದೊಡ್ಡ ಪಟ್ಟಿಯ ಲೆಕ್ಕ ತಲೆಯಿಂದ ಹಾಳೆಗೆ ಇಳಿಯಲೇಬೇಕಾಯಿತು.

ಹಾಳೆಯ ಕಾಲದ ದೊಡ್ಡ ಸಾಧನ ಗ್ಯಾಂಟ್ ಚಾರ್ಟ್. ಅಮೆರಿಕದ ಎಂಜಿನಿಯರ್ ಹೆನ್ರಿ ಗ್ಯಾಂಟ್ 1910ರ ದಶಕದಲ್ಲಿ ಅದನ್ನು ಬಳಕೆಗೆ ತಂದರು. ಪೋಲೆಂಡಿನ ಕರೋಲ್ ಆಡಾಮಿಯೆಕಿ ಅದಕ್ಕೂ ಮುಂಚೆ ಇಂಥದ್ದೇ ನಕ್ಷೆ ಹಾಕಿದ್ದರು. ಎಡಕ್ಕೆ ಯಂತ್ರಗಳ ಹೆಸರು, ಮೇಲೆ ದಿನಾಂಕ, ನಡುವೆ ಪ್ರತಿ ಕೆಲಸಕ್ಕೆ ಒಂದು ಉದ್ದನೆಯ ಪಟ್ಟಿ. ಇಂದಿನ ಯಾವ ಶೆಡ್ಯೂಲಿಂಗ್ ಸಾಫ್ಟ್‌ವೇರ್ ತೆರೆದರೂ ಪರದೆಯ ಮೇಲೆ ಕಾಣುವುದು ಅದೇ ನಕ್ಷೆ, ಬಣ್ಣ ಬಳಿದುಕೊಂಡು. ಭಾರತದ ಕಾರ್ಖಾನೆಗಳಲ್ಲಿ ಇದನ್ನು ನೋಡಿಕೊಳ್ಳುವ ವಿಭಾಗಕ್ಕೆ ಪಿಪಿಸಿ ಎಂದು ಹೆಸರು. ರೂಟ್ ಕಾರ್ಡು ಬರೆಯುವುದು, ಶಾರ್ಟೇಜ್ ಲಿಸ್ಟ್ ತೆಗೆಯುವುದು, ಜಾಬ್ ಎಲ್ಲಿ ಸಿಕ್ಕಿಕೊಂಡಿದೆ ಎಂದು ಶಾಪ್‌ನಲ್ಲಿ ಓಡಾಡಿ ಹುಡುಕುವುದು ಅವರ ಪಾಡು.

ಕಂಪ್ಯೂಟರ್ ಮೊದಲು ಬಂದದ್ದು ಅಕ್ಕಿ, ಬೇಳೆಯ ಲೆಕ್ಕಕ್ಕೆ, ಅಂದರೆ ಪ್ಲ್ಯಾನಿಂಗಿಗೆ. ಜೋಸೆಫ್ ಓರ್ಲಿಕಿ 1960ರ ದಶಕದಲ್ಲಿ ರೂಪಿಸಿ, 1975ರ ಪುಸ್ತಕದಿಂದ ಜಗತ್ತಿಗೆಲ್ಲ ಪರಿಚಯಿಸಿದ ಈ ವಿಧಾನಕ್ಕೆ ಎಂಆರ್‌ಪಿ ಎನ್ನುತ್ತಾರೆ. ಪೊಟ್ಟಣದ ಮೇಲಿನ ಎಂಆರ್‌ಪಿಗೂ ಇದಕ್ಕೂ ಸಂಬಂಧವಿಲ್ಲ. 20 ಕಂಪ್ರೆಸರ್‌ಗಳಿಗೆ ಆರ್ಡರ್ ಬಂದಿದೆ ಎನ್ನೋಣ. ಒಂದಕ್ಕೆ 2 ಪಿಸ್ಟನ್, ಒಟ್ಟು 40. ಸ್ಟೋರಿನಲ್ಲಿ 12 ಇವೆ, ಉಳಿದ 28 ಆಗಬೇಕು. ಜೋಡಣೆ 24ನೇ ತಾರೀಖು ಶುರು. ಪಿಸ್ಟನ್ ಮಷೀನಿಂಗಿಗೆ 6 ದಿನ ಬೇಕಾದ್ದರಿಂದ ಎರಕ 18ಕ್ಕೆ ಕೈಗೆ ಬರಬೇಕು. ಫೌಂಡ್ರಿ 15 ದಿನ ಕೇಳುತ್ತದೆ, ಆದ್ದರಿಂದ ಆರ್ಡರ್ 3ನೇ ತಾರೀಖಿಗೇ ಹೋಗಬೇಕು. ಪ್ರತಿ ಭಾಗಕ್ಕೂ ಹೀಗೆ ಹಿಂದೆ ಹಿಂದೆ ಎಣಿಸುತ್ತ ಹೋಗುವುದೇ ಎಂಆರ್‌ಪಿ. ಗುಮಾಸ್ತರು ವಾರಗಟ್ಟಲೆ ಮಾಡುತ್ತಿದ್ದ ಲೆಕ್ಕ ರಾತ್ರಿ ಕಳೆಯುವುದರೊಳಗೆ ಮುಗಿಯತೊಡಗಿತು. ಮುಂದೆ ಇದಕ್ಕೆ ಹಣಕಾಸು, ಖರೀದಿ, ಮಾರಾಟಗಳು ಅಂಟಿಕೊಂಡು 1990ರ ದಶಕದಲ್ಲಿ ಇಆರ್‌ಪಿ ಆಯಿತು. ಜರ್ಮನಿಯ ಎಸ್‌ಎಪಿ ಈ ಕ್ಷೇತ್ರದ ದೊಡ್ಡ ಹೆಸರು. ಮುಂಬೈಯ ಫ್ರಾಪೆ ಕಂಪನಿಯ ಇಆರ್‌ಪಿನೆಕ್ಸ್ಟ್ ಮುಕ್ತ ತಂತ್ರಾಂಶವಾಗಿ ಸಣ್ಣ ಕಾರ್ಖಾನೆಗಳ ಕೈಗೂ ಎಟುಕುತ್ತದೆ.

ಎಂಆರ್‌ಪಿಯ ಲೆಕ್ಕದಲ್ಲಿ ಒಂದು ದೊಡ್ಡ ಕುರುಡಿದೆ. ಮಷೀನಿಂಗಿಗೆ 6 ದಿನ ಎಂದು ಒಮ್ಮೆ ಬರೆದಿಟ್ಟರೆ ಶಾಪ್ ಖಾಲಿಯಿದ್ದಾಗಲೂ 6, ತುಂಬಿ ತುಳುಕುವಾಗಲೂ 6. ಹತ್ತು ಆರ್ಡರ್‌ಗಳು ಒಂದೇ ಲೇತಿಗೆ ಒಂದೇ ವಾರ ಬೇಕಾದರೂ ಅದು ಹತ್ತಕ್ಕೂ ‘ಆಗಲಿ’ ಎನ್ನುತ್ತದೆ. ಯಂತ್ರದ ತಾಕತ್ತಿಗೆ ಮಿತಿಯಿದೆ ಎಂದು ಒಪ್ಪಿಕೊಂಡು, ನಿಮಿಷದ ಲೆಕ್ಕದಲ್ಲಿ ಸರದಿ ಬರೆಯುವ ಸಾಫ್ಟ್‌ವೇರ್ ಬೇರೆ. ಉದ್ಯಮದವರು ಅದನ್ನು ಎಪಿಎಸ್ ಎಂದು ಕರೆಯುತ್ತಾರೆ. ಅದು ಇಆರ್‌ಪಿಯ ಪಕ್ಕದಲ್ಲಿ ಕೂತು, ಅದರಿಂದ ಆರ್ಡರ್‌ಗಳನ್ನೂ ದಾಸ್ತಾನನ್ನೂ ಎತ್ತಿಕೊಂಡು, ಪ್ರತಿ ಯಂತ್ರಕ್ಕೂ ಇಂದಿನ ಪಟ್ಟಿ ಕೊಡುತ್ತದೆ.

ಸರದಿಯಲ್ಲಿ ಅಷ್ಟೇನಿದೆ ಎನ್ನುವವರಿಗೆ ಒಂದು ಲೇತ್, ಒಂದು ಗ್ರೈಂಡಿಂಗ್ ಯಂತ್ರ ಮಾತ್ರ ಇರುವ ಶೆಡ್ ಸಾಕು. ನಾಲ್ಕು ಜಾಬ್ ಬಂದಿವೆ. ಎಲ್ಲವೂ ಮೊದಲು ಲೇತಿಗೆ, ಆಮೇಲೆ ಗ್ರೈಂಡಿಂಗಿಗೆ ಹೋಗಬೇಕು. ಫ್ಲೇಂಜಿಗೆ ಲೇತ್ ಮೇಲೆ 4 ಗಂಟೆ, ಗ್ರೈಂಡಿಂಗ್ 1 ಗಂಟೆ. ಶಾಫ್ಟಿಗೆ 6 ಮತ್ತು 5. ಬುಷ್‌ಗೆ 1 ಮತ್ತು 4. ಹೌಸಿಂಗಿಗೆ 3 ಮತ್ತು 6. ಬಂದ ಕ್ರಮದಲ್ಲೇ, ಅಂದರೆ ಫ್ಲೇಂಜ್, ಶಾಫ್ಟ್, ಬುಷ್, ಹೌಸಿಂಗ್ ಎಂದು ಹಿಡಿದರೆ ಲೇತ್ 14ನೇ ಗಂಟೆಗೆ ಬಿಡುವಾಗುತ್ತದೆ. ಆದರೆ ಗ್ರೈಂಡಿಂಗ್ ಯಂತ್ರ ಮೊದಲ 4 ಗಂಟೆ ಸುಮ್ಮನೆ ನಿಲ್ಲುತ್ತದೆ, ಫ್ಲೇಂಜ್ ಮುಗಿಸಿ ಶಾಫ್ಟಿಗಾಗಿ ಇನ್ನೂ 5 ಗಂಟೆ ನಿಲ್ಲುತ್ತದೆ. ಎಲ್ಲ ಮುಗಿಯುವಾಗ 25ನೇ ಗಂಟೆ.

ಈಗ ಬುಷ್, ಹೌಸಿಂಗ್, ಶಾಫ್ಟ್, ಫ್ಲೇಂಜ್ ಎಂದು ಕ್ರಮ ಬದಲಿಸಿದರೆ ಬುಷ್ 1 ಗಂಟೆಯಲ್ಲೇ ಲೇತಿನಿಂದ ಇಳಿಯುತ್ತದೆ, ಗ್ರೈಂಡಿಂಗಿನವನಿಗೆ ಆಗಲೇ ಕೆಲಸ ಸಿಗುತ್ತದೆ. ಅವನು ಬುಷ್ ಮುಗಿಸುವ ಮುಂಚೆ ಹೌಸಿಂಗ್ ಬಂದು ಕಾಯುತ್ತಿರುತ್ತದೆ, ಅದು ಮುಗಿಯುವ ಹೊತ್ತಿಗೆ ಶಾಫ್ಟ್. ಎಲ್ಲ 17ನೇ ಗಂಟೆಗೆ ಮುಗಿಯುತ್ತದೆ. ಹೊಸ ಯಂತ್ರ ಕೊಂಡಿಲ್ಲ, ಯಾರೂ ಓವರ್‌ಟೈಮ್ ಮಾಡಿಲ್ಲ, ಒಂದಿಡೀ ಪಾಳಿ ಉಳಿಯಿತು. ಈ ಕ್ರಮ ಕಂಡುಹಿಡಿಯುವ ಸೂತ್ರವನ್ನು ಎಸ್. ಎಂ. ಜಾನ್ಸನ್ 1954ರಲ್ಲಿ ಕೊಟ್ಟರು. ಇರುವ ಅಂಕಿಗಳಲ್ಲಿ ಅತಿ ಚಿಕ್ಕದನ್ನು ಹುಡುಕಬೇಕು. ಅದು ಮೊದಲ ಯಂತ್ರದ್ದಾದರೆ ಆ ಜಾಬ್ ಸಾಲಿನ ತಲೆಗೆ, ಎರಡನೆಯದರದ್ದಾದರೆ ಬಾಲಕ್ಕೆ. ಉಳಿದವುಗಳಿಗೂ ಹಾಗೆಯೇ. ಜಾಬ್‌ಗಳೆಲ್ಲ ಒಂದೇ ಹಾದಿಯಲ್ಲಿ ಎರಡೇ ಯಂತ್ರ ದಾಟುವಾಗ ಇದಕ್ಕಿಂತ ಬೇಗ ಮುಗಿಸುವ ಕ್ರಮ ಇಲ್ಲವೆಂದು ಸಾಧಿಸಿ ತೋರಿಸಬಹುದು.

ಯಂತ್ರ ಮೂರಾದರೆ ಇಂಥ ಸರಳ ಸೂತ್ರ ಎಲ್ಲ ಸಂದರ್ಭಕ್ಕೂ ಹೊಂದುವುದಿಲ್ಲ. ಹತ್ತು ಜಾಬ್, ಹತ್ತು ಯಂತ್ರ, ಪ್ರತಿ ಜಾಬಿಗೂ ತನ್ನದೇ ಹಾದಿ ಎಂದಾದರೆ ಬರೆಯಬಹುದಾದ ಸರದಿಗಳ ಸಂಖ್ಯೆ ಸುಮಾರು 4ರ ಮುಂದೆ 65 ಸೊನ್ನೆ. ಅವುಗಳಲ್ಲಿ ಹಲವು ಕಾರ್ಯಸಾಧ್ಯವಲ್ಲ ಎಂದು ಕಳೆದರೂ ಒಂದೊಂದಾಗಿ ಪರೀಕ್ಷಿಸುವ ಮಾತೇ ಇಲ್ಲ. 1963ರಲ್ಲಿ ಪ್ರಕಟವಾದ ಇಂಥ ಒಂದು ಹತ್ತು-ಹತ್ತರ ಲೆಕ್ಕ ಗಣಿತಜ್ಞರನ್ನು ಕಾಲು ಶತಮಾನ ಕಾಡಿತು. 930 ಎಂಬುದೇ ಅದರ ಅತಿ ಕಡಿಮೆ ಅವಧಿ ಎಂದು ಫ್ರಾನ್ಸಿನ ಕಾರ್ಲಿಯೇ ಮತ್ತು ಪಿನ್ಸೊ 1989ರಲ್ಲಿ ಸಾಧಿಸಿದರು. ರಾಮಟೇಕಡಿಯ ಸಾಧಾರಣ ಶೆಡ್ಡಿನಲ್ಲೂ ಹತ್ತಕ್ಕಿಂತ ಹೆಚ್ಚು ಜಾಬ್ ಇರುತ್ತವೆ.

ಆದ್ದರಿಂದ ಮಾರುಕಟ್ಟೆಯ ಸಾಫ್ಟ್‌ವೇರ್ ಅತ್ಯುತ್ತಮ ಸರದಿಯನ್ನು ಹುಡುಕುತ್ತಲೇ ಕೂರುವುದಿಲ್ಲ, ಒಳ್ಳೆಯದೊಂದನ್ನು ಬೇಗ ಕೊಡುತ್ತದೆ. ಮಾರುವವರು ‘ಆಪ್ಟಿಮೈಸ್’ ಎಂಬ ಪದವನ್ನು ಧಾರಾಳವಾಗಿ ಬಳಸುವುದರಿಂದ ಇದನ್ನು ನೆನಪಿಡುವುದು ಒಳ್ಳೆಯದು. ಸರಳ ಸಾಫ್ಟ್‌ವೇರ್ ನಿಯಮಗಳ ಮೇಲೆ ನಡೆಯುತ್ತದೆ: ಡ್ಯೂ ಡೇಟ್ ಹತ್ತಿರವಿರುವುದು ಮೊದಲು, ಇಲ್ಲವೇ ಬೇಗ ಮುಗಿಯುವುದು ಮೊದಲು. ಎರಡನೆಯ ನಿಯಮದಿಂದ ಒಂದು ಯಂತ್ರದ ಮುಂದೆ ಜಾಬ್‌ಗಳು ಕಾಯುವ ಸರಾಸರಿ ಹೊತ್ತು ಎಲ್ಲಕ್ಕಿಂತ ಕಡಿಮೆಯಾಗುತ್ತದೆ. ಅದನ್ನೇ ಕಣ್ಣುಮುಚ್ಚಿ ಪಾಲಿಸಿದರೆ ದೊಡ್ಡ ಜಾಬ್ ಎಂದೂ ಸರದಿ ಕಾಣದೆ ಕೊಳೆಯುತ್ತದೆ. ಇನ್ನಷ್ಟು ಬಲವುಳ್ಳವು ಒಂದು ಸರದಿ ಬರೆದು, ಎರಡು ಜಾಬ್ ಅದಲುಬದಲು ಮಾಡಿ ನೋಡಿ, ಲಾಭವಾದರೆ ಇಟ್ಟುಕೊಂಡು, ಹೀಗೆ ಸಾವಿರಾರು ಸಲ ತಿದ್ದುತ್ತವೆ.

ಎಲ್ಲ ಯಂತ್ರಗಳಿಗೂ ಒಂದೇ ಗಮನ ಬೇಡ ಎಂಬ ವಾದ ಇಸ್ರೇಲಿನ ಭೌತಶಾಸ್ತ್ರಜ್ಞ ಎಲಿಯಾಹು ಗೋಲ್ಡ್‌ರಾಟ್ ಅವರದು. 1970ರ ದಶಕದ ಕೊನೆಯಲ್ಲಿ ಓಪಿಟಿ ಎಂಬ ಶೆಡ್ಯೂಲಿಂಗ್ ಸಾಫ್ಟ್‌ವೇರ್ ಮಾಡಿ, 1984ರಲ್ಲಿ ಕಾರ್ಖಾನೆಯನ್ನೇ ಕತೆಯಾಗಿಸಿ ‘ದ ಗೋಲ್’ ಕಾದಂಬರಿ ಬರೆದರು. ಪ್ರತಿ ಶಾಪಿನಲ್ಲೂ ಒಂದು ಬಾಟಲ್‌ನೆಕ್ ಇರುತ್ತದೆ, ಇಡೀ ಕಾರ್ಖಾನೆಯ ವೇಗ ಅದರ ವೇಗವೇ. ಅಲ್ಲಿ ಕಳೆದ ಗಂಟೆ ಕಾರ್ಖಾನೆ ಕಳೆದುಕೊಂಡ ಗಂಟೆ, ಬೇರೆ ಕಡೆ ಉಳಿಸಿದ ಗಂಟೆ ಬರಿಯ ಮರೀಚಿಕೆ. ಆ ಯಂತ್ರದ ಸರದಿಯನ್ನು ಕಟ್ಟುನಿಟ್ಟಾಗಿ ಬರೆದು ಉಳಿದವನ್ನು ಅದರ ತಾಳಕ್ಕೆ ಹೆಜ್ಜೆ ಹಾಕಿಸಬೇಕು.

ಸರದಿಯ ಲೆಕ್ಕವನ್ನು ಇನ್ನೂ ಜಟಿಲಗೊಳಿಸುವುದು ಸೆಟಿಂಗ್. ಫೋರ್ಜಿಂಗ್ ಪ್ರೆಸ್ಸಿನಲ್ಲಿ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗಲು ಟನ್ನುಗಟ್ಟಲೆ ತೂಗುವ ಡೈಗಳನ್ನು ಇಳಿಸಿ, ಬೇರೆಯವನ್ನು ಏರಿಸಿ, ಬಿಸಿ ಮಾಡಿ, ಮೊದಲ ತುಂಡನ್ನು ಅಳೆದು ನೋಡಬೇಕು. ಅದಕ್ಕೆ 3 ಗಂಟೆ ಹಿಡಿದು, ಭಾಗಗಳನ್ನು ಬಡಿಯಲು 2 ಗಂಟೆ ಸಾಕಾಗುವುದಿದ್ದರೆ ಯಾವ ಸೂಪರ್‌ವೈಸರನೂ ಡೈ ಬದಲಿಸಲು ಒಪ್ಪುವುದಿಲ್ಲ. ಏರಿದ ಡೈಯಲ್ಲೇ ಮುಂದಿನ ತಿಂಗಳದ್ದನ್ನೂ ಹೊಡೆದಿಡುತ್ತಾನೆ. ಪ್ರೆಸ್ಸಿನ ಲೆಕ್ಕಕ್ಕೆ ಅದು ಸರಿ. ಬೇರೆ ಭಾಗಕ್ಕಾಗಿ ಕಾಯುತ್ತಿರುವ ಗಿರಾಕಿಯ ಲೆಕ್ಕಕ್ಕೆ ತಪ್ಪು. ಈ ಎರಡರ ನಡುವೆ ತೂಗಿ ನೋಡುವುದರಲ್ಲೇ ಸಾಫ್ಟ್‌ವೇರಿನ ನಿಜವಾದ ಉಪಯೋಗ. ಒಂದೇ ಡೈಯ ಆರ್ಡರ್‌ಗಳನ್ನು ಅದು ಒಟ್ಟುಗೂಡಿಸುತ್ತದೆ, ಆದರೆ ಎಷ್ಟು ದಿನದವರೆಗಿನದನ್ನು ಎಂಬುದಕ್ಕೆ ಗಡಿ ಹಾಕುತ್ತದೆ. ಜಪಾನಿನ ಶಿಗಿಯೊ ಶಿಂಗೊ ಬೇರೆ ಬಾಗಿಲಿನಿಂದ ಬಂದರು. ಸೆಟಿಂಗ್ ಸಮಯವನ್ನೇ ಹತ್ತು ನಿಮಿಷದೊಳಕ್ಕೆ ಇಳಿಸಿದರೆ ಈ ತೂಗುವ ಕೆಲಸವೇ ಬೇಡ ಎಂಬುದು ಅವರ ನಿಲುವು. ಎಷ್ಟೋ ಶಾಪುಗಳಿಗೆ ಸಾಫ್ಟ್‌ವೇರಿಗಿಂತ ಮೊದಲು ಬೇಕಾದದ್ದು ಅದೇ.

ಲಸಿಕೆಯ ಕಾರ್ಖಾನೆಗೆ ಸಮಸ್ಯೆಯ ಮುಖವೇ ಬೇರೆ. ಅಲ್ಲಿ ಯಂತ್ರಕ್ಕಿಂತ ಹೆಚ್ಚು ಹೊತ್ತು ತಿನ್ನುವುದು ಪರೀಕ್ಷೆ. ಸೂಕ್ಷ್ಮಜೀವಿಗಳಿಲ್ಲವೆಂದು ಖಾತ್ರಿಪಡಿಸುವ ಸ್ಟೆರಿಲಿಟಿ ಟೆಸ್ಟ್ ಒಂದಕ್ಕೇ 14 ದಿನ. ಯಾವ ಅವಸರವೂ ಅದನ್ನು 13ಕ್ಕೆ ಇಳಿಸದು. ಒಂದು ಲಸಿಕೆಯಿಂದ ಇನ್ನೊಂದಕ್ಕೆ ಬದಲಾಗುವಾಗ ಇಡೀ ಲೈನ್ ತೊಳೆದು, ತೊಳೆದದ್ದಕ್ಕೆ ದಾಖಲೆ ಇಡಬೇಕು. ತಯಾರಾದದ್ದಕ್ಕೆ ಎಕ್ಸ್‌ಪೈರಿ ದಿನಾಂಕವಿದೆ, ಮುಂಚಿತವಾಗಿ ಮಾಡಿ ಗುಡ್ಡೆ ಹಾಕುವಂತಿಲ್ಲ. ಸಾಮಗ್ರಿಯ ಲೆಕ್ಕ ಎಷ್ಟು ನಿರ್ಣಾಯಕ ಎಂಬುದು ಕೋವಿಡ್ ಕಾಲದಲ್ಲಿ ಜಗತ್ತಿಗೇ ಗೊತ್ತಾಯಿತು. ಜೀವಕೋಶ ಬೆಳೆಸುವ ಪಾತ್ರೆಗಳಿಗೆ ಒಳಗಿಡುವ, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚೀಲ, ಫಿಲ್ಟರ್‌ಗಳ ಕೊರತೆ ಆಗ ಲಸಿಕೆ ತಯಾರಕರನ್ನೆಲ್ಲ ಕಾಡಿತು. ಕಚ್ಚಾ ಸಾಮಗ್ರಿಯ ರಫ್ತಿನ ಮೇಲಿನ ತಡೆ ತೆಗೆಯಬೇಕೆಂದು ಸೀರಂ ಸಂಸ್ಥೆಯ ಅದರ್ ಪೂನಾವಾಲಾ 2021ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷರಿಗೆ ಟ್ವಿಟರ್‌ನಲ್ಲಿ ಬಹಿರಂಗವಾಗಿಯೇ ಮನವಿ ಮಾಡಿದರು. ಭಾಗಗಳ ಪಟ್ಟಿಯಲ್ಲಿ ಎಲ್ಲೋ ಕೆಳಗಿನ ಸಾಲಿನಲ್ಲಿರುವ ಚೀಲವೂ ಇಡೀ ಯೋಜನೆಯನ್ನು ನಿಲ್ಲಿಸಬಲ್ಲದು.

ಸಾಫ್ಟ್‌ವೇರಿಗೆ ಊರೂ ಗೊತ್ತಿರಬೇಕು. ಹೊರದೇಶದಲ್ಲಿ ತಯಾರಾದದ್ದು ಶನಿವಾರ, ಭಾನುವಾರ ರಜೆ ಎಂದು ನಂಬಿಕೊಂಡೇ ಬರುತ್ತದೆ. ಪುಣೆಯ ಅನೇಕ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ವಿದ್ಯುತ್ ಬೇಡಿಕೆಯನ್ನು ವಾರವಿಡೀ ಹಂಚಲು ಪ್ರದೇಶಕ್ಕೊಂದು ರಜಾದಿನ ಗೊತ್ತುಮಾಡಿದ ಪದ್ಧತಿ ಅದು. ಕ್ಯಾಲೆಂಡರಿನಲ್ಲಿ ಇದನ್ನು ತಿದ್ದದಿದ್ದರೆ ಗುರುವಾರ ಯಂತ್ರಗಳು ತಮ್ಮಷ್ಟಕ್ಕೆ ಓಡುತ್ತವೆ, ಪರದೆಯ ಮೇಲೆ ಮಾತ್ರ. ಖಂಡೇನವಮಿಯ ದಿನ ಲೇತಿಗೆ ಕುಂಕುಮ ಬೀಳುತ್ತದೆ, ಚಿಪ್ಸ್ ಬೀಳುವುದಿಲ್ಲ. ಆಷಾಢ ಏಕಾದಶಿಗೆ ಪಂಢರಪುರ ಸೇರಲು ಹೊರಟ ಸಂತರ ಎರಡು ಪಾಲಕಿಗಳು ಬೇರೆಯಾಗುವುದು ಹಡಪಸರದಲ್ಲೇ. ತುಕಾರಾಮರದ್ದು ಸೋಲಾಪುರ ರಸ್ತೆಯಲ್ಲಿ ಲೋಣಿ ಕಾಳಭೋರಕ್ಕೆ, ಜ್ಞಾನೇಶ್ವರರದ್ದು ದಿವೆ ಘಾಟ್ ಹತ್ತಿ ಸಾಸವಡಕ್ಕೆ. ಆ ದಿನ ಎರಡೂ ರಸ್ತೆಗಳಲ್ಲಿ ವಾರಕರಿ ಯಾತ್ರಿಕರದೇ ರಾಜ್ಯ, ಲಾರಿಗೆ ಜಾಗವಿಲ್ಲ. ಎರಕ ಆ ದಿನ ಬರುತ್ತದೆಂದು ಬರೆದ ಯೋಜನೆ ಬರೆದ ದಿನವೇ ಸುಳ್ಳು.

ಇಂಥ ಸಾಫ್ಟ್‌ವೇರ್ ಸೋತ ಕಡೆಗಳಲ್ಲಿ ತಪ್ಪು ಗಣಿತದ್ದಾಗಿರುವುದು ಅಪರೂಪ, ಬಹುಪಾಲು ಅಂಕಿಗಳದ್ದು. ರೂಟ್ ಕಾರ್ಡಿನಲ್ಲಿ ಒಂದು ಆಪರೇಷನ್ನಿಗೆ 40 ನಿಮಿಷ ಎಂದಿರುತ್ತದೆ. ಅದು ಹಿಂದೆಂದೋ ಹೊಸ ಯಂತ್ರದ ಮೇಲೆ, ಒಳ್ಳೆಯ ಟೂಲ್ ಹಾಕಿ, ಗಡಿಯಾರ ಹಿಡಿದು ಅಳೆದದ್ದು. ಈಗ ಅದಕ್ಕೆ 65 ನಿಮಿಷ ಹಿಡಿಯುತ್ತದೆ ಎಂದು ಆಪರೇಟರಿಗೆ ಗೊತ್ತು, ಸೂಪರ್‌ವೈಸರನ ಜೇಬಿನ ಡೈರಿಗೆ ಗೊತ್ತು. ಸಾಫ್ಟ್‌ವೇರಿಗೆ ಯಾರೂ ಹೇಳಿರುವುದಿಲ್ಲ. ಹೇಳಲು ಹಿಂಜರಿಕೆಗೂ ಕಾರಣವಿದೆ. ಸಮಯ ಹೆಚ್ಚಾಯಿತೆಂದು ಬರೆದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ, ಕಡಿಮೆಯಾಯಿತೆಂದರೆ ಟಾರ್ಗೆಟ್ ಏರುತ್ತದೆ. ಹಾಗಾಗಿ ಬೆಳಿಗ್ಗೆ ಒಂಬತ್ತಕ್ಕೆ ಪ್ರಿಂಟ್ ತೆಗೆದ ಶೆಡ್ಯೂಲ್ ಹನ್ನೊಂದಕ್ಕೆ ಹಳತಾಗಿ, ಹಿಂಬದಿಯ ಖಾಲಿ ಪುಟದಲ್ಲಿ ಪೆನ್ನಿನಿಂದ ನಿಜವಾದ ಸರದಿ ಮೂಡುತ್ತದೆ. ಕೋಟಿ ಖರ್ಚು ಮಾಡಿದ ಕಡೆಯೂ ಎಕ್ಸೆಲ್ ಹಾಳೆಯೊಂದು ಗುಟ್ಟಾಗಿ ರಾಜ್ಯವಾಳುತ್ತಿರುತ್ತದೆ.

ಎರಡನೆಯ ತಪ್ಪು ಕಾರ್ಖಾನೆಯನ್ನು ಗಂಟಲಮಟ್ಟ ತುಂಬುವುದು. ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿದ ಸೂತ್ರವೊಂದು ಬಹಳ ಸರಳ. ಶಾಪಿನೊಳಗೆ 300 ಜಾಬ್ ಇದ್ದು ದಿನಕ್ಕೆ 20 ಮುಗಿಯುತ್ತಿದ್ದರೆ ಒಂದು ಜಾಬ್ ಒಳಹೊಕ್ಕು ಹೊರಬರಲು ಸರಾಸರಿ 15 ದಿನ. ಬೇಗ ಮುಗಿಯಲೆಂದು ಇನ್ನೂ 100 ಜಾಬ್ ಒಳಗೆ ತಳ್ಳಿದರೆ ಅದು 20 ದಿನವಾಗುತ್ತದೆ. ಯಂತ್ರ ನಿಲ್ಲಲೇಬಾರದು ಎಂಬ ಹಟಕ್ಕೂ ಬೆಲೆಯಿದೆ. ಕೆಲಸಗಳು ಗೊತ್ತುಗುರಿಯಿಲ್ಲದೆ ಬರುವ, ಅವಕ್ಕೆ ಹಿಡಿಯುವ ಹೊತ್ತೂ ಹಾಗೆಯೇ ಏರುಪೇರಾಗುವ ಯಂತ್ರವನ್ನು ನೂರಕ್ಕೆ 80ರಷ್ಟು ದುಡಿಸಿದರೆ ಜಾಬ್ ಒಂದು ಸರಾಸರಿ ಕೆಲಸದ ಸಮಯದ ಸುಮಾರು 4 ಪಟ್ಟು ಕಾಯುತ್ತದೆ. 90ಕ್ಕೆ 9 ಪಟ್ಟು, 95ಕ್ಕೆ 19 ಪಟ್ಟು. ಎಲ್ಲ ಯಂತ್ರಗಳೂ ಸದಾ ಗುಂಯ್ಗುಡುತ್ತಿರುವ ಶಾಪಿನಲ್ಲೇ ಡಿಸ್ಪ್ಯಾಚ್ ತಡವಾಗುವುದು ಈ ಕಾರಣಕ್ಕೆ.

ಸಣ್ಣ ಘಟಕಗಳಿಗೆ ಇಡೀ ಎಪಿಎಸ್ ಬೇಕಾಗಿಲ್ಲ. ಬಾಟಲ್‌ನೆಕ್ ಯಂತ್ರ ಒಂದನ್ನೇ ಹಿಡಿದು, ಅದರ ಮೇಲೆ ಪ್ರತಿ ಜಾಬಿಗೆ ಹಿಡಿದ ನಿಜವಾದ ಸಮಯವನ್ನು ಒಂದು ತಿಂಗಳು ಬರೆದಿಟ್ಟು, ಆ ಒಂದು ಯಂತ್ರಕ್ಕೆ ಮಾತ್ರ ಸರದಿ ಮಾಡಿದರೂ ಅರ್ಧ ಗೊಂದಲ ಕಳೆಯುತ್ತದೆ. ಅದಕ್ಕೆ ಎಕ್ಸೆಲ್ ಸಾಕು, ಗೋಡೆಯ ಮೇಲಿನ ಬಿಳಿ ಬೋರ್ಡೂ ಸಾಕು. ಯಂತ್ರಗಳು ಹತ್ತಿಪ್ಪತ್ತು ದಾಟಿ, ಒಂದು ಜಾಬ್ ನಡುವೆ ಪ್ಲೇಟಿಂಗಿಗೆಂದೋ ಹೀಟ್ ಟ್ರೀಟ್‌ಮೆಂಟಿಗೆಂದೋ ಹೊರಗೆ ಹೋಗಿ ಬರತೊಡಗಿದಾಗ ಬೋರ್ಡು ಸೋಲುತ್ತದೆ.

ಬರೆದ ಸರದಿ ಮುರಿಯುವುದು ದಿನನಿತ್ಯದ ಮಾತು. ಹನ್ನೊಂದು ಗಂಟೆಗೆ ಸ್ಪಿಂಡಲ್ ಬೇರಿಂಗ್ ಹೋಗುತ್ತದೆ, ಇಲ್ಲವೇ ಹಳೆಯ ಗಿರಾಕಿಯ ಅರ್ಜೆಂಟ್ ಆರ್ಡರ್ ಬರುತ್ತದೆ. ಮತ್ತೆ ಲೆಕ್ಕ ಹಾಕಲು ಸಾಫ್ಟ್‌ವೇರಿಗೆ ನಿಮಿಷ ಸಾಕು, ಆದರೆ ಪ್ರತಿ ಅಡಚಣೆಗೂ ಇಡೀ ಪಟ್ಟಿ ಬದಲಾದರೆ ಬೆಳಿಗ್ಗೆ ಏರಿಸಿದ ಟೂಲ್‌ಗಳನ್ನು ಮಧ್ಯಾಹ್ನ ಇಳಿಸಬೇಕಾಗುತ್ತದೆ, ಆಪರೇಟರುಗಳು ಪಟ್ಟಿ ನೋಡುವುದನ್ನೇ ಬಿಡುತ್ತಾರೆ. ಅದಕ್ಕೆ ಮುಂದಿನ ಎರಡು ಮೂರು ದಿನಗಳ ಸರದಿಯನ್ನು ಬೀಗ ಹಾಕಿದಂತೆ ಇಟ್ಟು, ಅದರಾಚೆಗಿನದನ್ನು ಮಾತ್ರ ಸಾಫ್ಟ್‌ವೇರಿಗೆ ಬಿಡುವುದು ವಾಡಿಕೆ. ಕೆಟ್ಟ ಯಂತ್ರದ ಜಾಬ್‌ಗಳಷ್ಟೇ ಪಕ್ಕದ ಯಂತ್ರಕ್ಕೆ ಸರಿಯುತ್ತವೆ. ಬೀಗದೊಳಗೆ ಅರ್ಜೆಂಟ್ ಆರ್ಡರ್ ನುಗ್ಗಿಸಬೇಕಾದರೆ ಮೇನೇಜರ್ ಸಹಿ ಹಾಕಬೇಕು. ಅದರಿಂದ ಹಿಂದೆ ಬೀಳುವ ಆರ್ಡರ್‌ಗಳು ಯಾವುವು, ಎಷ್ಟು ದಿನ ಹಿಂದೆ ಎಂಬುದನ್ನು ಪರದೆ ಆ ಸಹಿಗೆ ಮುಂಚೆಯೇ ಕೆಂಪಕ್ಷರದಲ್ಲಿ ತೋರಿಸುತ್ತದೆ.